ಔಟ್‌ಬೋರ್ಡ್ ಎಂಜಿನ್‌ನ ಇಂಧನ ದೋಷಗಳು

ಔಟ್‌ಬೋರ್ಡ್ ಎಂಜಿನ್ ಎಂಬುದು ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ ಯಂತ್ರ. ಇದರಲ್ಲಿ ಎಂಜಿನ್, ಗೇರು ಮತ್ತು ಪ್ರೊಪೆಲ್ಲರ್ ಒಂದೇ ಘಟಕದಲ್ಲಿ ಸೇರಿರುತ್ತವೆ. ಅಮೆರಿಕದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕೆ ತಂದ ಮಾದರಿಯಿಂದ ಈ ಯಂತ್ರವು ವ್ಯಾಪಕವಾಗಿ ಬಳಕೆಗೆ ಬಂದಿತು. ಕರ್ನಾಟಕದ ಕರಾವಳಿಯ ನಾಡದೋಣಿಗಳು, ಜಲಾಶಯಗಳ ಹಿನ್ನೀರಿನ ಪ್ರವಾಸಿ ದೋಣಿಗಳು ಮತ್ತು ನೆರೆಯ ಕಾಲದಲ್ಲಿ ಬಳಸುವ ಗಾಳಿ ತುಂಬಿದ ರಬ್ಬರ್ ದೋಣಿಗಳು ಇಂತಹ ಎಂಜಿನ್‌ಗಳಿಂದ ಚಲಿಸುತ್ತವೆ. ಇವು ನೀರಿನ ನಡುವೆ ನಿಂತುಹೋಗಲು ಅಥವಾ ದಡದಲ್ಲಿಯೇ ಚಾಲೂ ಆಗದಿರಲು ಅತಿ ಸಾಮಾನ್ಯ ಕಾರಣ ಎಂಜಿನ್ನಿನ ಒಳಭಾಗದ ಸವೆತವಲ್ಲ. ಇಂಧನದಲ್ಲಿ ಸೇರಿದ ನೀರು ಮತ್ತು ಕಸ, ಇಂಧನದ ಕೊಳವೆಯೊಳಗೆ ನುಗ್ಗಿದ ಗಾಳಿ ಅಥವಾ ಬಹುಕಾಲ ನಿಂತು ಕೆಟ್ಟ ಇಂಧನ.

ಹಿನ್ನೆಲೆ

ರಸ್ತೆಯಲ್ಲಿ ಕೆಟ್ಟ ವಾಹನ ನಿಂತಲ್ಲೇ ನಿಲ್ಲುತ್ತದೆ. ದೋಣಿ ಹಾಗಲ್ಲ, ಎಂಜಿನ್ ನಿಂತ ಕ್ಷಣದಿಂದ ಅದು ಗಾಳಿ ಮತ್ತು ಸೆಳೆತ ಎಳೆದತ್ತ ಸಾಗುತ್ತದೆ, ಅಲೆಗೆ ಅಡ್ಡಲಾಗಿ ತಿರುಗಿದರೆ ಮಗುಚುವ ಸಂಭವವೂ ಇದೆ. ನದಿ ಸಮುದ್ರವನ್ನು ಸೇರುವ ಅಳಿವೆಯಲ್ಲಿ ಈ ಅಪಾಯ ಅತ್ಯಧಿಕ. ಅಲ್ಲಿ ಮರಳಿನ ದಿಬ್ಬಗಳ ಮೇಲೆ ಅಲೆಗಳು ಒಡೆಯುತ್ತವೆ ಮತ್ತು ಹಾದಿ ಕಿರಿದಾಗಿರುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ನಾಡದೋಣಿಗಳಿಗೆ ವಿನಾಯಿತಿ ಇದೆ. ಹೀಗಾಗಿ ಕಡಲು ಅತ್ಯಂತ ಒರಟಾಗಿರುವ ತಿಂಗಳುಗಳಲ್ಲಿ ಅಳಿವೆ ದಾಟುವವರು ಚಿಕ್ಕ ಔಟ್‌ಬೋರ್ಡ್ ಎಂಜಿನ್ ಹೊಂದಿದವರೇ ಆಗಿರುತ್ತಾರೆ.

ಅಲೆಗಳಿರುವ ಕಡೆಯಲ್ಲಿಯೇ ಎಂಜಿನ್ ಕೈಕೊಡುವುದು ಕೇವಲ ದುರದೃಷ್ಟವಲ್ಲ. ಶಾಂತ ನೀರಿನಲ್ಲಿ ಇಂಧನ ಟ್ಯಾಂಕಿನ ತಳದಲ್ಲಿ ಸುಮ್ಮನೆ ಕುಳಿತಿರುವ ನೀರು, ತುಕ್ಕು ಮತ್ತು ಮಡ್ಡಿಯು ದೋಣಿ ಕುಲುಕತೊಡಗಿದಾಗ ಕದಡಿ ಮೇಲೇಳುತ್ತವೆ. ಹೀರುಕೊಳವೆಯ ಬಾಯಿ ಟ್ಯಾಂಕಿನ ತಳದ ಸಮೀಪದಲ್ಲಿಯೇ ಇರುವುದರಿಂದ ಈ ಕಲ್ಮಶ ನೇರವಾಗಿ ಎಂಜಿನ್ನಿಗೆ ಸಾಗುತ್ತದೆ. ಟ್ಯಾಂಕಿನಲ್ಲಿ ಇಂಧನ ಕಡಿಮೆ ಇದ್ದರೆ ಅದೇ ಕುಲುಕಾಟದಲ್ಲಿ ಕೊಳವೆಯು ಗಾಳಿಯನ್ನೂ ಎಳೆದುಕೊಳ್ಳುತ್ತದೆ.

ಇಂಧನದ ಹಾದಿ

ಕಾರ್ಬ್ಯುರೇಟರ್ ಇರುವ ಎಂಜಿನ್ನಿನಲ್ಲಿ ಇಂಧನವು ಟ್ಯಾಂಕಿನಿಂದ ರಬ್ಬರ್ ಕೊಳವೆ, ಕೈಯಿಂದ ಹಿಚುಕುವ ಪ್ರೈಮರ್ ಬಲ್ಬ್, ಜೋಡಣೆಯ ಕನೆಕ್ಟರ್, ಫಿಲ್ಟರ್ ಮತ್ತು ಇಂಧನ ಪಂಪುಗಳ ಮೂಲಕ ಕಾರ್ಬ್ಯುರೇಟರಿನ ಬಟ್ಟಲನ್ನು ತಲುಪುತ್ತದೆ. ಅಲ್ಲಿಂದ ಜೆಟ್ ಎಂಬ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿಯೊಡನೆ ಬೆರೆತು ಸಿಲಿಂಡರನ್ನು ಸೇರುತ್ತದೆ. ದೋಷವನ್ನು ಹುಡುಕುವವರು ಇದೇ ಕ್ರಮದಲ್ಲಿ, ಅಂದರೆ ಟ್ಯಾಂಕಿನಿಂದ ಆರಂಭಿಸಿ ಎಂಜಿನ್ನಿನತ್ತ ಸಾಗುವುದು ರೂಢಿ. ಮೊದಲಿಗೇ ಕಾರ್ಬ್ಯುರೇಟರ್ ಬಿಚ್ಚುವುದು ಸಾಮಾನ್ಯವಾದ ತಪ್ಪು. ತೂಗಾಡುವ ದೋಣಿಯಲ್ಲಿ ಅದರ ಸಣ್ಣ ಭಾಗಗಳು ನೀರುಪಾಲಾದರೆ ಸರಿಪಡಿಸಬಹುದಾಗಿದ್ದ ದೋಷವೂ ಸರಿಪಡಿಸಲಾಗದ್ದಾಗುತ್ತದೆ.

ಮೊದಲ ತಪಾಸಣೆ

ಉಪಕರಣಗಳ ನೆರವಿಲ್ಲದೆ ನೋಡಬಹುದಾದ ಸಂಗತಿಗಳು ಕೆಲವಿವೆ. ತುರ್ತು ನಿಲುಗಡೆಯ ಸ್ವಿಚ್ಚಿಗೆ ಸಿಕ್ಕಿಸುವ ದಾರದ ಕ್ಲಿಪ್ ಕಳಚಿದ್ದರೆ ಎಂಜಿನ್ ಎಷ್ಟು ಎಳೆದರೂ ಚಾಲೂ ಆಗದು. ಬಹಳಷ್ಟು ಎಂಜಿನ್‌ಗಳು ಗೇರು ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಆರಂಭವಾಗುವುದಿಲ್ಲ. ಟ್ಯಾಂಕಿನಲ್ಲಿ ಇಂಧನವಿದೆಯೇ ಎಂಬುದನ್ನು ಮಾಪಕದ ಮುಳ್ಳನ್ನು ನಂಬದೆ ಟ್ಯಾಂಕನ್ನು ಎತ್ತಿ ಅಥವಾ ಮುಚ್ಚಳ ತೆಗೆದು ನೋಡುವುದು ಒಳಿತು. ಇಂಧನ ಕೊಳವೆಯ ಕನೆಕ್ಟರ್ ಅರ್ಧ ಕೂತಿದ್ದರೆ ಅಲ್ಲಿಂದ ಗಾಳಿ ಸೇರುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿಯ ತಿರುಪು. ಇಂಧನ ಹೊರಹೋದಷ್ಟು ಗಾಳಿ ಒಳಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಹರಿವು ನಿಲ್ಲುತ್ತದೆ. ಇದರ ಲಕ್ಷಣ ವಿಶಿಷ್ಟವಾದುದು: ಎಂಜಿನ್ ಸರಾಗವಾಗಿ ಆರಂಭವಾಗಿ, ಕೆಲವು ನಿಮಿಷ ಚೆನ್ನಾಗಿ ಓಡಿ, ದಡದಿಂದ ಸಾಕಷ್ಟು ದೂರ ಸಾಗಿದ ಮೇಲೆ ಹಸಿವಾದಂತೆ ಸೊರಗಿ ನಿಲ್ಲುತ್ತದೆ. ತುಸು ಹೊತ್ತು ಬಿಟ್ಟರೆ ಮತ್ತೆ ಆರಂಭವಾಗುತ್ತದೆ, ಮತ್ತೆ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದಾಗ ಗಾಳಿ ಒಳನುಗ್ಗುವ ಸದ್ದು ಕೇಳಿಸಿದರೆ ದೋಷ ಅಲ್ಲಿಯೇ ಇದೆ ಎಂದು ತಿಳಿಯಬಹುದು.

ಪ್ರೈಮರ್ ಬಲ್ಬ್‌ನಿಂದ ತಿಳಿಯುವುದು

ಕೊಳವೆಯ ನಡುವಿನ ರಬ್ಬರ್ ಬಲ್ಬ್ ಅಗ್ಗದ ಭಾಗವಾದರೂ ದೋಷ ಪತ್ತೆಯಲ್ಲಿ ಅದಕ್ಕೆ ಸಮನಾದ ಸಾಧನ ಇನ್ನೊಂದಿಲ್ಲ. ಅದರ ಎರಡೂ ತುದಿಗಳಲ್ಲಿ ಇಂಧನವನ್ನು ಒಂದೇ ದಿಕ್ಕಿಗೆ ಬಿಡುವ ಕವಾಟಗಳಿರುತ್ತವೆ. ಮೇಲಿನ ಬಾಣದ ಗುರುತು ಎಂಜಿನ್ನಿನ ಕಡೆಗೆ ಇರಬೇಕು. ಬಾಣದ ತುದಿ ಮೇಲಕ್ಕಿರುವಂತೆ ಹಿಡಿದು ಹಿಚುಕಿದಾಗ ಕೆಲವೇ ಸಲಕ್ಕೆ ಬಲ್ಬ್ ಗಟ್ಟಿಯಾದರೆ ಬಟ್ಟಲು ತುಂಬಿದೆ ಎಂದರ್ಥ. ಎಷ್ಟು ಹಿಚುಕಿದರೂ ಮೆತ್ತಗೇ ಉಳಿದರೆ ಟ್ಯಾಂಕ್ ಖಾಲಿಯಾಗಿದೆ, ಕೊಳವೆ ಬಿರುಕು ಬಿಟ್ಟಿದೆ, ಬಲ್ಬಿನ ಕವಾಟ ಕೆಟ್ಟಿದೆ ಅಥವಾ ಕಾರ್ಬ್ಯುರೇಟರಿನಿಂದ ಇಂಧನ ಹೊರಕ್ಕೆ ಉಕ್ಕುತ್ತಿದೆ. ಓಡುತ್ತಿರುವಾಗ ಬಲ್ಬ್ ಒಳಕ್ಕೆ ಕುಗ್ಗಿ ಚಪ್ಪಟೆಯಾದರೆ ಅಡಚಣೆಯು ಬಲ್ಬ್ ಮತ್ತು ಟ್ಯಾಂಕಿನ ನಡುವೆ ಇದೆ: ಮುಚ್ಚಿದ ಗಾಳಿಯ ತಿರುಪು, ಕಟ್ಟಿಕೊಂಡ ಹೀರುಕೊಳವೆಯ ಜಾಲರಿ ಅಥವಾ ಮಡಚಿಹೋದ ಕೊಳವೆ. ಎಂಜಿನ್ ಸೊರಗುವ ಹೊತ್ತಿನಲ್ಲಿ ಬಲ್ಬನ್ನು ಹಿಚುಕಿದೊಡನೆ ವೇಗ ಮರಳಿದರೆ ಇಂಧನ ಪಂಪಿನ ತೆಳುಪೊರೆ ಹರಿದಿರುವ ಅಥವಾ ಎಲ್ಲೋ ಗಾಳಿ ಸೇರುತ್ತಿರುವ ಸಂಭವ ಹೆಚ್ಚು. ಅಂತಹ ಸ್ಥಿತಿಯಲ್ಲಿ ಒಬ್ಬರು ಬಲ್ಬನ್ನು ಹಿಚುಕುತ್ತ, ಇನ್ನೊಬ್ಬರು ದೋಣಿ ನಡೆಸಿ ದಡ ಸೇರುವುದು ಸಾಧ್ಯ.

ಗಾಳಿ ಸೇರುವ ಸೀಳು ಕಣ್ಣಿಗೆ ಬೀಳದಿರಬಹುದು. ಪಂಪು ಇಂಧನವನ್ನು ಎಳೆಯುವಾಗ ಕೊಳವೆಯೊಳಗಿನ ಒತ್ತಡವು ಹೊರಗಿನದಕ್ಕಿಂತ ಕಡಿಮೆ ಇರುವುದರಿಂದ ಅಲ್ಲಿ ಇಂಧನ ಸೋರದೆ ಗಾಳಿ ಮಾತ್ರ ಒಳಸೇರುತ್ತದೆ. ಕೊಳವೆ ಒಣಗಿರುವುದು ಅದು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ನೀರು ಮತ್ತು ಎಥನಾಲ್

ಅರ್ಧ ತುಂಬಿದ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ತೇವಾಂಶ ಹನಿಗಟ್ಟುವುದು, ಸಡಿಲ ಮುಚ್ಚಳದಿಂದ ಮಳೆ ಅಥವಾ ಅಲೆಯ ನೀರು ಒಳಸೇರುವುದು ಹಾಗೂ ಒದ್ದೆಯಾದ ಕ್ಯಾನುಗಳಿಂದ ಇಂಧನ ಸುರಿಯುವುದು ನೀರಿನ ಮುಖ್ಯ ಮೂಲಗಳು. ಅನುಮಾನವಿದ್ದಲ್ಲಿ ಕಾರ್ಬ್ಯುರೇಟರ್ ಬಟ್ಟಲಿನ ತಳದ ತಿರುಪನ್ನು ಬಿಚ್ಚಿ ಇಂಧನವನ್ನು ಪಾರದರ್ಶಕ ಸೀಸೆಯಲ್ಲಿ ಹಿಡಿದು ಕೆಲಕಾಲ ಅಲುಗಾಡಿಸದೆ ಇಡಬೇಕು. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ.

ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಈ ಸಮಸ್ಯೆಯ ಸ್ವರೂಪ ಬದಲಾಗುತ್ತದೆ. ಭಾರತದಲ್ಲಿ ಶೇ. 20ರಷ್ಟು ಎಥನಾಲ್ ಇರುವ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. ಔಟ್‌ಬೋರ್ಡ್ ಎಂಜಿನ್ ತಯಾರಕರು ಸಾಮಾನ್ಯವಾಗಿ ಶೇ. 10ರವರೆಗಿನ ಎಥನಾಲನ್ನು ಮಾತ್ರ ಒಪ್ಪುತ್ತಾರೆ. ಎಥನಾಲ್ ತೇವಾಂಶವನ್ನು ಹೀರಿಕೊಳ್ಳುತ್ತದೆ; ಅಲ್ಪ ಪ್ರಮಾಣದ ನೀರನ್ನು ಪೆಟ್ರೋಲಿನಲ್ಲಿ ಕರಗಿಸಿಟ್ಟುಕೊಳ್ಳುತ್ತದೆ. ಆ ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಶೇ. 10ರ ಮಿಶ್ರಣದಲ್ಲಿ ಸುಮಾರು ಅರ್ಧ ಶೇಕಡಾ ನೀರು ಸೇರಿದರೂ ಹೀಗಾಗಬಹುದು. ಬೇರ್ಪಟ್ಟ ಇಂಧನವನ್ನು ಕುಲುಕಿ ಮತ್ತೆ ಬೆರೆಸಲಾಗದು. ಟ್ಯಾಂಕನ್ನು ಪೂರ್ತಿ ಬರಿದು ಮಾಡುವುದೊಂದೇ ದಾರಿ.

ಎರಡು ಸ್ಟ್ರೋಕಿನ ಎಂಜಿನ್ನಿಗೆ ಇದು ಹೆಚ್ಚು ಹಾನಿಕರ. ಇವುಗಳಲ್ಲಿ ಇಂಧನದೊಡನೆ ಬೆರೆಸಿದ ಎಣ್ಣೆಯೇ ಒಳಭಾಗಗಳಿಗೆ ಜಾರುಗುಣ ನೀಡುತ್ತದೆ. 50:1 ಪ್ರಮಾಣ ಎಂದರೆ ಪ್ರತಿ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ. ಬೇರ್ಪಟ್ಟಾಗ ಎಣ್ಣೆಯು ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ. ತಳದ ಪದರವನ್ನು ಹೀರಿದ ಎಂಜಿನ್ ಎಣ್ಣೆಯಿಲ್ಲದೆ ಓಡಿ ಪಿಸ್ಟನ್ ಕಚ್ಚಿಕೊಳ್ಳುವ ಅಪಾಯವಿದೆ. ಎಥನಾಲ್ ಹಳೆಯ ಕೊಳವೆಗಳ ರಬ್ಬರನ್ನು ಉಬ್ಬಿಸಿ ಒಳಪದರವನ್ನು ಸುಲಿಯುವುದೂ ಉಂಟು. ಆ ಚೂರುಗಳು ಮುಂದೆ ಫಿಲ್ಟರಿನಲ್ಲಿ ಸಿಗುತ್ತವೆ.

ನಿಂತು ಕೆಟ್ಟ ಇಂಧನ

ಪೆಟ್ರೋಲಿನ ಹಗುರ ಅಂಶಗಳು ತಿಂಗಳುಗಳು ಕಳೆದಂತೆ ಆವಿಯಾಗಿ, ಉಳಿದುದು ಗಾಳಿಯೊಡನೆ ವರ್ತಿಸಿ ಅಂಟಾದ ವಾರ್ನಿಷಿನಂತಹ ಲೇಪವಾಗುತ್ತದೆ. ಇದು ಮೊದಲು ಮುಚ್ಚುವುದು ನಿಧಾನಗತಿಯ ಜೆಟ್ಟನ್ನು. ಆಗ ಎಂಜಿನ್ ಚೋಕ್ ಎಳೆದಾಗ ಮಾತ್ರ ಓಡುತ್ತದೆ, ಚೋಕ್ ಬಿಟ್ಟೊಡನೆ ನಿಲ್ಲುತ್ತದೆ. ನಿಧಾನಗತಿ ಸರಿಯಿದ್ದು ವೇಗ ಹೆಚ್ಚಿಸಿದಾಗ ಮಾತ್ರ ಮುಗ್ಗರಿಸಿದರೆ ಮುಖ್ಯ ಜೆಟ್, ಫಿಲ್ಟರ್ ಅಥವಾ ಪಂಪನ್ನು ಶಂಕಿಸಬೇಕು. ಜೆಟ್‌ಗಳನ್ನು ದ್ರಾವಕ ಮತ್ತು ಗಾಳಿಯ ಒತ್ತಡದಿಂದ ಶುಚಿಗೊಳಿಸಲಾಗುತ್ತದೆ. ತಂತಿ ತೂರಿಸಿದರೆ ರಂಧ್ರ ದೊಡ್ಡದಾಗಿ ಮಿಶ್ರಣದ ಪ್ರಮಾಣವೇ ಕೆಡುತ್ತದೆ.

ವರ್ಷದ ಬಹುಭಾಗ ಗೋದಾಮಿನಲ್ಲಿದ್ದು ನೆರೆ ಬಂದ ದಿನ ನೀರಿಗಿಳಿಯುವ ರಕ್ಷಣಾ ದೋಣಿಗಳಿಗೆ ಈ ದೋಷ ವಿಶೇಷವಾಗಿ ಅನ್ವಯಿಸುತ್ತದೆ. ಅವುಗಳ ಕಾರ್ಬ್ಯುರೇಟರನ್ನು ಬರಿದು ಮಾಡಿ ಇಡುವುದು, ಮಳೆಗಾಲಕ್ಕೆ ಮುನ್ನ ಹೊಸ ಇಂಧನ ತುಂಬಿ ನೀರಿನ ತೊಟ್ಟಿಯಲ್ಲಿ ಓಡಿಸಿ ನೋಡುವುದು ದುರಸ್ತಿಗಿಂತ ಸುಲಭ.

ಸೀಮೆಎಣ್ಣೆ ಎಂಜಿನ್‌ಗಳು

ಕರಾವಳಿಯ ನಾಡದೋಣಿಗಳಲ್ಲಿ ಸೀಮೆಎಣ್ಣೆಯ ಔಟ್‌ಬೋರ್ಡ್ ಎಂಜಿನ್‌ಗಳು ಬಹುಕಾಲದಿಂದ ಬಳಕೆಯಲ್ಲಿದ್ದು, ಇವುಗಳಿಗೆ ರಾಜ್ಯ ಸರಕಾರವು ರಿಯಾಯಿತಿ ದರದ ಸೀಮೆಎಣ್ಣೆಯನ್ನು ಒದಗಿಸುತ್ತ ಬಂದಿದೆ. ಸೀಮೆಎಣ್ಣೆ ತಣ್ಣಗಿರುವಾಗ ಸುಲಭವಾಗಿ ಆವಿಯಾಗದು. ಆದ್ದರಿಂದ ಎಂಜಿನ್ನನ್ನು ಪೆಟ್ರೋಲಿನಲ್ಲಿ ಆರಂಭಿಸಿ, ಬಿಸಿಯಾದ ಬಳಿಕ ಸೀಮೆಎಣ್ಣೆಗೆ ಬದಲಿಸಲಾಗುತ್ತದೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸಿ ಬಟ್ಟಲಿನ ಸೀಮೆಎಣ್ಣೆಯೆಲ್ಲ ಉರಿದುಹೋಗುವವರೆಗೆ ಓಡಿಸಬೇಕು. ಈ ಕೊನೆಯ ಹಂತವನ್ನು ಬಿಟ್ಟರೆ ಮರುದಿನ ನಸುಕಿನಲ್ಲಿ ಎಂಜಿನ್ ಚಾಲೂ ಆಗುವುದಿಲ್ಲ. ಬಲೆ ಬಿಟ್ಟು ಎಂಜಿನ್ ಆರಿಸಿ ಕಾಯುವಾಗ ಅದು ತಣಿದರೆ ನಡುಗಡಲಿನಲ್ಲಿಯೂ ಅದೇ ಗತಿ. ಪೆಟ್ರೋಲಿನ ಪುಟ್ಟ ಟ್ಯಾಂಕ್ ಖಾಲಿಯಾಗಿದ್ದರೆ ದೊಡ್ಡ ಟ್ಯಾಂಕಿನಲ್ಲಿ ಸೀಮೆಎಣ್ಣೆ ತುಂಬಿದ್ದರೂ ಪ್ರಯೋಜನವಿಲ್ಲ.

ಸೀಮೆಎಣ್ಣೆ ಪೂರ್ಣವಾಗಿ ಉರಿಯದೆ ಮಸಿ ಕಟ್ಟುವುದು ಹೆಚ್ಚು. ಬಹುಹೊತ್ತು ನಿಧಾನವಾಗಿ ಓಡಿಸಿದಾಗ ಸ್ಪಾರ್ಕ್ ಪ್ಲಗ್ ಕಪ್ಪಾಗಿ ಕಿಡಿ ಕ್ಷೀಣಿಸುತ್ತದೆ. ಹೀಗಾಗಿ ಶುಚಿಯಾದ ಬದಲಿ ಪ್ಲಗ್ ಮತ್ತು ಅದನ್ನು ಬಿಚ್ಚುವ ಪಾನಾ ಇಂತಹ ದೋಣಿಗಳಲ್ಲಿ ಅನಿವಾರ್ಯ.

ಪ್ಲಗ್‌ನ ಲಕ್ಷಣಗಳು

ಪದೇಪದೇ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಇಂಧನ ಸಿಲಿಂಡರಿಗೆ ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಇಂಧನ ಅತಿಯಾಗಿದೆ ಅಥವಾ ಕಿಡಿ ಇಲ್ಲ. ಈ ಒಂದು ವ್ಯತ್ಯಾಸದಿಂದ ಅರ್ಧ ಶ್ರಮ ಉಳಿಯುತ್ತದೆ. ಇಂಧನ ಅತಿಯಾದಲ್ಲಿ ಪ್ಲಗ್ ಒರೆಸಿ ಹಾಕಿ, ಚೋಕ್ ಬಳಸದೆ, ಥ್ರಾಟಲ್ ತೆರೆದು ಕೆಲವು ಸಲ ಎಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತುದಿ ಬೆಳ್ಳಗೆ ಸುಟ್ಟಂತಿದ್ದರೆ ಇಂಧನ ಕಡಿಮೆಯಾಗಿ ಎಂಜಿನ್ ವಿಪರೀತ ಬಿಸಿಯಾಗಿದೆ. ನೀರಿನ ಹನಿ ಕಂಡರೆ ಇಂಧನದಲ್ಲಿ ನೀರಿದೆ ಅಥವಾ ಸಿಲಿಂಡರ್ ತಲೆಯ ಗ್ಯಾಸ್ಕೆಟ್ ಹೋಗಿದೆ.

ಇಂಧನದ್ದೆಂದು ತೋರುವ ಇತರ ದೋಷಗಳು

ಎಂಜಿನ್ ಜೋರಾಗಿ ತಿರುಗಿದರೂ ದೋಣಿ ಮುಂದೆ ಸಾಗದಿದ್ದರೆ ಪ್ರೊಪೆಲ್ಲರಿನ ನಡುವಿನ ರಬ್ಬರ್ ಭಾಗ ಜಾರುತ್ತಿದೆ ಅಥವಾ ಅದರ ಪಿನ್ ಮುರಿದಿದೆ. ಬಲೆ, ಹಗ್ಗ ಸುತ್ತಿಕೊಂಡರೆ ಎಂಜಿನ್ ಸೊರಗುತ್ತದೆ. ಎಂಜಿನ್ನಿನ ಹಿಂದಿನಿಂದ ಚಿಮ್ಮುವ ತಂಪುನೀರಿನ ಸಣ್ಣ ಧಾರೆ ನಿಂತಿದ್ದರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಸವೆದಿದೆ ಅಥವಾ ನೀರು ಹೀರುವ ಬಾಯಿಗೆ ಪ್ಲಾಸ್ಟಿಕ್ ಚೀಲ ಅಂಟಿದೆ. ಆಗ ಎಂಜಿನ್ನನ್ನು ತಕ್ಷಣ ಆರಿಸಬೇಕು.

ಸುರಕ್ಷತೆ

ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಅದು ದೋಣಿಯ ತಳದಲ್ಲಿ ಶೇಖರವಾಗಿ ಒಂದು ಕಿಡಿಗೆ ಸ್ಫೋಟಿಸಬಲ್ಲದು. ಕೈಯಲ್ಲಿ ಎತ್ತಬಹುದಾದ ಟ್ಯಾಂಕನ್ನು ದೋಣಿಯಿಂದ ಹೊರತೆಗೆದು ನೆಲದ ಮೇಲಿಟ್ಟು ತುಂಬುವ ನಿಯಮ ಇದಕ್ಕಾಗಿಯೇ ಇದೆ. ಬಿಚ್ಚಿದ ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ಕಿಡಿ ನೋಡುವ ಪರೀಕ್ಷೆಯನ್ನು ಇಂಧನ ಚೆಲ್ಲಿರುವಲ್ಲಿ ಮಾಡಬಾರದು.

ನೀರಿನ ನಡುವೆ ಎಂಜಿನ್ ನಿಂತಾಗ ದುರಸ್ತಿಗೆ ಕೈಹಾಕುವ ಮುನ್ನ ಲಂಗರು ಇಳಿಸುವುದು ಮೊದಲ ಕೆಲಸ. ಆಳವಾದ ನೀರಿದ್ದರೆ ಹಗ್ಗಕ್ಕೆ ಕಟ್ಟಿದ ಬಕೆಟ್ ಅಥವಾ ಬಲೆಯ ಗಂಟನ್ನು ಮುಂಭಾಗದಿಂದ ಇಳಿಬಿಟ್ಟರೆ ದೋಣಿಯ ಮೂತಿ ಅಲೆಗೆ ಎದುರಾಗಿ ನಿಲ್ಲುತ್ತದೆ. ಎಲ್ಲರೂ ಜೀವರಕ್ಷಕ ಅಂಗಿ ಧರಿಸಿರಬೇಕು. ವಿಎಚ್‌ಎಫ್ ರೇಡಿಯೊ ಇದ್ದಲ್ಲಿ 16ನೆಯ ಚಾನಲ್ಲಿನಲ್ಲಿ, ಮೊಬೈಲ್ ಸಂಪರ್ಕವಿದ್ದಲ್ಲಿ ಭಾರತೀಯ ತಟರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆಮಾಡಿ ನೆರವು ಕೋರಬಹುದು. ಇಂಧನದ ಮೂರನೆಯ ಒಂದು ಭಾಗ ಹೋಗಲು, ಒಂದು ಭಾಗ ಮರಳಲು, ಉಳಿದ ಭಾಗ ಅನಿರೀಕ್ಷಿತಕ್ಕೆ ಎಂಬ ಲೆಕ್ಕಾಚಾರ ದೋಣಿ ನಡೆಸುವವರಲ್ಲಿ ಪ್ರಚಲಿತವಾಗಿದೆ. ಗಾಳಿ ಮತ್ತು ಸೆಳೆತಕ್ಕೆ ಎದುರಾಗಿ ಮರಳುವಾಗ ಇಂಧನ ಹೆಚ್ಚು ವ್ಯಯವಾಗುವುದರಿಂದ ಆ ಮೂರನೆಯ ಭಾಗವೂ ಕೆಲವೊಮ್ಮೆ ಮುಗಿದುಹೋಗುತ್ತದೆ.