ಅಂಗಳದ ಪುಟ್ಟ ದೀಪ

ಅಕ್ಟೋಬರ್ 31ರ ಹ್ಯಾಲೊವೀನ್ ರಾತ್ರಿ ಅಮೆರಿಕದ ಅನೇಕ ಮನೆಗಳ ಅಂಗಳದಲ್ಲಿ ಪ್ಲಾಸ್ಟಿಕ್ಕಿನ ಅಸ್ಥಿಪಂಜರ, ಥರ್ಮಾಕೋಲಿನ ಗೋರಿಕಲ್ಲುಗಳು ಕಾಣಸಿಗುತ್ತವೆ. ಅವುಗಳ ಮೇಲೆ ನೀಲಿ ಬೆಳಕು ಚೆಲ್ಲುವ ದೀಪವನ್ನು ಕೆಲವರು ಮನೆಯಲ್ಲೇ ತಯಾರಿಸುತ್ತಾರೆ.

ಹೇಗೆ ಗೊತ್ತೇ? ಮೂರು ನೀಲಿ ಎಲ್‌ಇಡಿಗಳನ್ನು ಒಂದರ ಹಿಂದೊಂದು ಬೆಸುಗೆ ಹಾಕಿ, ಪಿವಿಸಿ ಪೈಪಿನ ತುಂಡಿನೊಳಗೆ ಕೂರಿಸುತ್ತಾರೆ. ಒಂದಕ್ಕೆ ಸುಮಾರು 3.2 ವೋಲ್ಟಿನಂತೆ ಮೂರಕ್ಕೆ 9.6 ವೋಲ್ಟ್ ಬೇಕು. ಅಡಾಪ್ಟರ್ ಕೊಡುವುದು 12 ವೋಲ್ಟ್. ಉಳಿದ 2.4 ವೋಲ್ಟನ್ನು 120 ಓಮ್‌ನ ರೆಸಿಸ್ಟರ್ ತಾಳಿಕೊಂಡು, ವಿದ್ಯುತ್ತನ್ನು 20 ಮಿಲಿಆಂಪಿಯರ್‌ಗೆ ಮಿತಗೊಳಿಸುತ್ತದೆ. ಈ ಪುಟ್ಟ ಬಿಡಿಭಾಗವನ್ನು ಕೈಬಿಟ್ಟರೆ ಎಲ್‌ಇಡಿ ಸುಟ್ಟುಹೋಗುತ್ತದೆ.

ಇಷ್ಟು ಶ್ರಮವೇಕೆ ಎಂದು ನೀವು ಕೇಳಬಹುದು. ಆ ರಾತ್ರಿ ಇಬ್ಬನಿಗೆ ಒದ್ದೆಯಾದ ಹುಲ್ಲಿನ ಮೇಲೆ ಉದ್ದನೆಯ ವೇಷ ತೊಟ್ಟ ಮಕ್ಕಳು ಓಡಾಡುತ್ತಾರೆ. ಮೇಣದ ಬತ್ತಿಯಾದರೆ ಬಟ್ಟೆಗೆ ಬೆಂಕಿ ತಗಲುವ ಭಯ. ಅಲ್ಲಿನ ಮನೆಬಳಕೆಯ 120 ವೋಲ್ಟಿನ ತಂತಿಯಾದರೆ ಶಾಕ್ ಹೊಡೆಯುವ ಭಯ. 12 ವೋಲ್ಟಿನ ದೀಪದಲ್ಲಿ ಈ ಅಪಾಯ ತೀರಾ ಕಡಿಮೆ. ಆದರೂ ಅಡಾಪ್ಟರನ್ನು ಮನೆಯೊಳಗೆ ಒಣ ಜಾಗದಲ್ಲೇ ಇಡಬೇಕು. ಹೊರಗಿನ ಬೆಸುಗೆಗಳಿಗೆ ಸಿಲಿಕೋನ್ ಹಚ್ಚಬೇಕು. ತಂತಿ ದಾರಿಗೆ ಅಡ್ಡ ಬರಬಾರದು.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಮದುವೆಯ ಅಂಗಳಕ್ಕೆ ದೀಪದ ಸರ ಎಳೆಯುವಾಗ ಈ ಎಚ್ಚರ ನಮಗೂ ಇರಲಿ.