ಮೌಸ್‌ ಚಕ್ರ ತಿರುಗಿದರೆ ಪುಟ ಸರಿಯುವುದು ಹೇಗೆ?

ಮೌಸ್‌ನ ಚಕ್ರ ತಿರುಗಿಸಿದರೂ ಪುಟ ಸರಿಯುತ್ತಿಲ್ಲ. ಇಂಥ ಸಂದರ್ಭದಲ್ಲಿ ಮೌಸ್ ಕೆಟ್ಟಿದೆ ಎಂದು ನಾವು ತೀರ್ಮಾನಿಸಿಬಿಡುತ್ತೇವೆ, ಹೊಸದನ್ನು ಕೊಳ್ಳಲು ಹೊರಡುತ್ತೇವೆ. ಆದರೆ ಪುಟ ಸರಿಸುವುದು ಚಕ್ರದ ಕೆಲಸವೇ ಅಲ್ಲ! 'ಒಂದು ಹೆಜ್ಜೆ ಮುಂದೆ' ಅಥವಾ 'ಒಂದು ಹೆಜ್ಜೆ ಹಿಂದೆ' ಎಂದಷ್ಟೇ ಅದು ಹೇಳುತ್ತದೆ. ಅದನ್ನು ಅರ್ಥಮಾಡಿಕೊಂಡು ಮುಂದಕ್ಕೆ ತಲುಪಿಸುವುದು ಕಾರ್ಯಾಚರಣ ವ್ಯವಸ್ಥೆಯಲ್ಲಿರುವ ಡ್ರೈವರ್ ಎಂಬ ತಂತ್ರಾಂಶ.

1996ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಬಂದಾಗ ಇದೇ ದೊಡ್ಡ ತಲೆನೋವಾಗಿತ್ತು. ಆಗಿನ ಪಿಎಸ್/2 ಮೌಸ್‌ಗಳು ಪ್ರತಿ ಸಲ ಮೂರು ಬೈಟ್ ಮಾಹಿತಿ ಕಳುಹಿಸುತ್ತಿದ್ದವು: ಒಂದರಲ್ಲಿ ಮುಖ್ಯವಾಗಿ ಗುಂಡಿಗಳ ಸ್ಥಿತಿ, ಇನ್ನೆರಡರಲ್ಲಿ ಅಡ್ಡ ಹಾಗೂ ಉದ್ದ ಚಲನೆ. ಚಕ್ರಕ್ಕೆ ಜಾಗವೇ ಇರಲಿಲ್ಲ. ನಾಲ್ಕನೆಯ ಬೈಟ್ ಸೇರಿಸಿಬಿಟ್ಟರೆ ಹಳೆಯ ಡ್ರೈವರ್‌ಗಳಿಗೆ ಲೆಕ್ಕ ತಪ್ಪುತ್ತಿತ್ತು.

ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾಗಿದೆ. 'ಸೆಕೆಂಡಿಗೆ 200 ಸಲ ವರದಿ ಮಾಡು' ಎಂದು ಡ್ರೈವರ್ ಮೌಸ್‌ಗೆ ಹೇಳುತ್ತದೆ. ಕೂಡಲೇ 100 ಎನ್ನುತ್ತದೆ, ಆಮೇಲೆ 80. ನಂತರ 'ನೀನು ಯಾರು?' ಎಂದು ಕೇಳುತ್ತದೆ. ಸಾಮಾನ್ಯ ಮೌಸ್ ಹೇಳಿದಂತೆ ವೇಗ ಬದಲಿಸಿಕೊಂಡು 'ಸೊನ್ನೆ' ಎಂದು ಉತ್ತರಿಸುತ್ತದೆ. ಚಕ್ರವಿರುವ ಮೌಸ್ ಮಾತ್ರ ಈ ಗುಟ್ಟಿನ ಸಂಕೇತ ಗುರುತಿಸಿ 'ಮೂರು' ಎನ್ನುತ್ತದೆ, ಅಲ್ಲಿಂದ ನಾಲ್ಕು ಬೈಟ್ ಕಳುಹಿಸಲು ಶುರುಮಾಡುತ್ತದೆ. ಹಳೆಯ ಮೌಸ್‌ಗೂ ತೊಂದರೆಯಿಲ್ಲ, ಹಳೆಯ ಡ್ರೈವರ್‌ಗೂ ಇಲ್ಲ.

ಒಂದೇ ಮೌಸ್‌ನಿಂದ ಎರಡು ಕಂಪ್ಯೂಟರ್ ನಡೆಸಲು ಸ್ವಿಚ್ ಪೆಟ್ಟಿಗೆ ಬಳಸುತ್ತಿದ್ದವರಿಗೆ ಮಾತ್ರ ಇದು ಕೆಲವೊಮ್ಮೆ ಕಾಟ ಕೊಟ್ಟಿತು. ಸಂಪರ್ಕ ತಪ್ಪಿ ಮತ್ತೆ ಸಿಕ್ಕಾಗ ಮೌಸ್ ತನ್ನ ಮೂರು ಬೈಟಿನ ಅಭ್ಯಾಸಕ್ಕೆ ಮರಳುತ್ತಿತ್ತು, ಡ್ರೈವರ್ ಮಾತ್ರ ನಾಲ್ಕು ನಾಲ್ಕಾಗಿ ಎಣಿಸುತ್ತಲೇ ಇರುತ್ತಿತ್ತು. ಬಾಣದ ಗುರುತು ಹುಚ್ಚೆದ್ದಂತೆ ಮೂಲೆಗೆ ಹಾರುವುದು, ಮೆನುಗಳು ತಾವಾಗಿಯೇ ತೆರೆಯುವುದು! ನೋಡಿದವರು ವೈರಸ್ ಎಂದುಕೊಂಡರೆ ಆಶ್ಚರ್ಯವೇನಿಲ್ಲ.

ಇಂದಿನ ಯುಎಸ್‌ಬಿ ಮೌಸ್‌ಗಳು ತಮ್ಮಲ್ಲಿ ಏನೇನಿದೆ ಎನ್ನುವುದನ್ನು ಜೋಡಿಸಿದ ಕೂಡಲೇ ವಿವರಿಸಿಬಿಡುವುದರಿಂದ ಈ ಗುಟ್ಟಿನ ವ್ಯವಹಾರ ಬೇಕಿಲ್ಲ. ಉಳಿದಿರುವ ತಕರಾರು ಲೆಕ್ಕದ್ದು. ವಿಂಡೋಸ್‌ನಲ್ಲಿ ಚಕ್ರದ ಒಂದು ಹೆಜ್ಜೆ ಎಂದರೆ 1 ಅಲ್ಲ, 120. ಮುಂದೆ ಇನ್ನೂ ನಯವಾಗಿ ತಿರುಗುವ ಚಕ್ರಗಳು ಬಂದರೆ 30, 15 ಎಂದು ಸಣ್ಣ ತುಣುಕುಗಳಲ್ಲಿ ಹೇಳಲಿ ಎಂಬ ಮುಂದಾಲೋಚನೆ ಇದು. ಲಿನಕ್ಸ್ ಕೂಡ 2019ರ 5.0 ಆವೃತ್ತಿಯಲ್ಲಿ ಇದೇ 120ರ ಲೆಕ್ಕವನ್ನು ಸೇರಿಸಿಕೊಂಡಿತು. ಈ ತುಣುಕುಗಳನ್ನು ಕೂಡಿಡದೆ ಪ್ರತಿಯೊಂದನ್ನೂ ಪೂರ್ತಿ ಹೆಜ್ಜೆ ಎಂದುಕೊಳ್ಳುವ ತಂತ್ರಾಂಶದಲ್ಲಿ ಪುಟ ಓಡಿಹೋಗುತ್ತದೆ. 120ಕ್ಕಿಂತ ಕಡಿಮೆ ಇದ್ದದ್ದನ್ನೆಲ್ಲ ಬಿಸಾಡುವ ತಂತ್ರಾಂಶದಲ್ಲಿ ಅದು ಅಲುಗುವುದೇ ಇಲ್ಲ.

ಹಾಗಾಗಿ ಹೊಸ ಮೌಸ್ ಕೊಳ್ಳುವ ಮೊದಲು ಹಳೆಯದನ್ನು ಇನ್ನೊಂದು ಕಂಪ್ಯೂಟರಿಗೆ, ಇಲ್ಲವೇ ಇನ್ನೊಂದು ತಂತ್ರಾಂಶದಲ್ಲಿ ಬಳಸಿ ನೋಡೋಣ. ಅಲ್ಲಿ ಸರಿಯಿದ್ದರೆ ತಪ್ಪು ಚಕ್ರದ್ದಲ್ಲ. ಕೆಳಗೆ ಸರಿಸುವಾಗ ಪುಟ ಎಲ್ಲ ಕಡೆಯೂ ಆಗಾಗ ಮೇಲಕ್ಕೆ ಜಿಗಿಯುತ್ತಿದ್ದರೆ ಮಾತ್ರ ಒಳಗೆ ದೂಳು ಕೂತಿರುವ ಅಥವಾ ಚಕ್ರದ ಚಲನೆ ಗುರುತಿಸುವ ಭಾಗ ಸವೆದಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ಯಾವ ಡ್ರೈವರ್ ಹಾಕಿದರೂ ಪ್ರಯೋಜನವಿಲ್ಲ.