ರಕ್ತಕ್ಕೊಂದು ದಾರಿ

ಪೀಳಮೇಡು ಎಂದೊಡನೆ ನೂಲಿನ ಗಿರಣಿಗಳೂ ಪಂಪುಸೆಟ್ಟುಗಳೂ ನೆನಪಾಗುತ್ತವೆ. ಕೊಯಮತ್ತೂರಿನ ಈ ಭಾಗದಲ್ಲಿಯೇ ಪಿ.ಎಸ್.ಜಿ. ಆಸ್ಪತ್ರೆಯೂ ಇದೆ. ದೊಡ್ಡ ಚಿಕಿತ್ಸೆ ಬೇಕಾದಾಗ ತಾಳವಾಡಿಯ ಕಡೆಯವರು ದಿಂಬಂ ಘಟ್ಟವಿಳಿದು ಕೊಯಮತ್ತೂರಿಗೆ ಬರುವುದುಂಟು. ಅಂತಹ ಚಿಕಿತ್ಸೆಗಳಲ್ಲಿ ಡಯಾಲಿಸಿಸ್ ಒಂದು.

ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅವು ಪೂರ್ತಿ ಕೆಟ್ಟಾಗ ಯಂತ್ರದಿಂದ ರಕ್ತವನ್ನು ಶುದ್ಧಿಗೊಳಿಸಬೇಕಾಗುತ್ತದೆ. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ. ಯಂತ್ರಕ್ಕೆ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಹರಿಯಬೇಕು. ಕೈಯ ಸಣ್ಣ ನಾಳ ಇಷ್ಟನ್ನು ಕೊಡಲಾರದು.

ಇದಕ್ಕೆ ಉತ್ತಮ ಉಪಾಯವನ್ನು 1966ರಲ್ಲಿ ಅಮೆರಿಕದ ವೈದ್ಯರಾದ ಬ್ರೆಸಿಯಾ, ಸಿಮಿನೊ ಮೊದಲಾದವರು ಪ್ರಕಟಿಸಿದರು. ಮುಂಗೈಯ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವ ಈ ವಿಧಾನಕ್ಕೆ ಫಿಸ್ಟುಲಾ ಎಂದು ಹೆಸರು. ಅದು ಬಲಿಯಲು ಕೆಲವು ವಾರಗಳು ಬೇಕು. ಅಲ್ಲಿಯವರೆಗೆ, ಅಥವಾ ನಾಳಗಳು ಯೋಗ್ಯವಾಗಿಲ್ಲದಿದ್ದರೆ, ಕತ್ತಿನ ಅಭಿಧಮನಿಯ ಮೂಲಕ ಹೃದಯದವರೆಗೆ ಕ್ಯಾತಿಟರ್ ಎಂಬ ಮೆತ್ತನೆಯ ಕೊಳವೆಯನ್ನು ಇಡುತ್ತಾರೆ. ಅದರೊಳಗೆ ಎರಡು ದಾರಿಗಳು: ಒಂದು ರಕ್ತ ಹೊರಬರಲು, ಇನ್ನೊಂದು ಹಿಂದಿರುಗಲು.

ಬಾವಿಯ ನೀರನ್ನು ಪಂಪಿನಿಂದೆತ್ತಿ, ಸೋಸಿ, ಅದೇ ಬಾವಿಗೆ ಬಿಡುವಿರೆಂದು ಭಾವಿಸಿರಿ. ಎರಡು ಕೊಳವೆಗಳ ಬಾಯಿ ಒಂದಕ್ಕೊಂದು ತಾಗಿದ್ದರೆ ಸೋಸಿದ ನೀರೇ ಮತ್ತೆ ಪಂಪಿಗೆ ಬರುತ್ತದೆ, ಬಾವಿ ಶುದ್ಧವಾಗದು. ಕ್ಯಾತಿಟರಿನಲ್ಲಿಯೂ ಹೀಗೆಯೇ. ಆದ್ದರಿಂದ ಅದರ ತುದಿಯನ್ನು ಮೂರು ಬಗೆಯಲ್ಲಿ ರಚಿಸಿದ್ದಾರೆ. ಮೊದಲನೆಯದು ಮೆಟ್ಟಿಲಿನಂತೆ, ಒಂದು ಬಾಯಿ ಹಿಂದೆ, ಇನ್ನೊಂದು ಮುಂದೆ. ಎರಡನೆಯದರ ತುದಿ ಕವಲಾಗಿ ಎರಡಾಗಿರುತ್ತದೆ. ಮೂರನೆಯದರಲ್ಲಿ ಎರಡೂ ಬಾಯಿಗಳು ಸಮನಾಗಿ, ಎದುರುಬದುರು ಇರುತ್ತವೆ. ಹರಿವು ಕಡಿಮೆಯಾಗಿ ದಾರಿಗಳನ್ನು ಅದಲುಬದಲು ಮಾಡಬೇಕಾದಾಗ ಮೊದಲೆರಡರಲ್ಲಿ ರಕ್ತ ಮತ್ತೆ ಬೆರೆಯುವುದು ಹೆಚ್ಚು, ಮೂರನೆಯದರಲ್ಲಿ ಕಡಿಮೆ. ಆದರೂ ಯಾವುದೊಂದು ರಚನೆಯೂ ಎಲ್ಲರಿಗೂ ಉತ್ತಮವೆಂದು ಸಿದ್ಧವಾಗಿಲ್ಲ. ತುದಿ ಸರಿಯಾದ ಜಾಗದಲ್ಲಿರುವುದೂ ಅಷ್ಟೇ ಮುಖ್ಯ.

ಯಾವ ಕೊಳವೆಯಾದರೂ ದೊಡ್ಡ ಶತ್ರು ಸೋಂಕು. ಚರ್ಮದಡಿಯಲ್ಲಿ ಕೊಳವೆಗೆ ಸುತ್ತಿದ ಡೆಕ್ರಾನ್ ಪಟ್ಟಿಗೆ ಮಾಂಸ ಅಂಟಿಕೊಂಡು, ಕ್ರಿಮಿಗಳಿಗೆ ತಡೆಯೊಡ್ಡುತ್ತದೆ. ಆದರೆ ಅದೊಂದೇ ಸಾಲದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂತಹ ಕೊಳವೆಯಿದ್ದರೆ ಕಟ್ಟು ಒದ್ದೆಯಾಗದಂತೆ ನೋಡಿಕೊಳ್ಳಿರಿ. ಚಳಿಜ್ವರ ಬಂದರೆ ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಊರಿನಿಂದ ಆಸ್ಪತ್ರೆ ದೂರವಿದ್ದಷ್ಟೂ ಬೇಗ ಹೊರಡಬೇಕು. ಈ ಎಚ್ಚರ ಒಂದು ಪ್ರಾಣವನ್ನೇ ಉಳಿಸಬಲ್ಲದು.